ರಟ್ಟಿನ ಚೌಕಟ್ಟಿನಲ್ಲಿ ಡಿಸ್ನಿಲ್ಯಾಂಡ್

ಹಳೆಯ ಸ್ಲೈಡ್ ಒಂದು: ಎರಡಂಗುಲದ ರಟ್ಟಿನ ಚೌಕಟ್ಟು, ನಡುವೆ ಅಂಚೆಚೀಟಿಯಷ್ಟು ಫಿಲ್ಮು. ಕಿಟಕಿಯ ಬೆಳಕಿಗೆ ಹಿಡಿದರೆ ಸಾಕು, ಕ್ಯಾಲಿಫೋರ್ನಿಯಾದ ಆನಹೈಮ್‌ನ ಬಿಸಿಲು ಕಣ್ಣಿಗೆ ಹೊಡೆಯುತ್ತದೆ.

1955ರ ಜುಲೈನಲ್ಲಿ ಡಿಸ್ನಿಲ್ಯಾಂಡ್ ಬಾಗಿಲು ತೆರೆದಾಗ ಅದರ ಮುಖ್ಯ ಬೀದಿಯಲ್ಲೇ ಕೋಡಾಕ್ ಅಂಗಡಿಯಿತ್ತು. ಅಪ್ಪಂದಿರು ಕ್ಯಾಮೆರಾಗೆ ಕೋಡಾಕ್‌ನ ಬಣ್ಣದ ಫಿಲ್ಮಾದ ಕೋಡಾಕ್ರೋಮ್ ರೀಲು ತುಂಬಿಸಿಕೊಂಡು ಹೊರಟರು. ಆಗಿನ ಆ ಫಿಲ್ಮಿನ ವೇಗ ಬರೀ 10, ಅಂದರೆ ಚಿತ್ರ ಮೂಡಲು ಅದಕ್ಕೆ ಹೆಚ್ಚು ಬೆಳಕು ಬೇಕಿತ್ತು. ಹಾಗಾಗಿ ಮಕ್ಕಳು ಕೂತು ಸುತ್ತುವ ಚಹಾ ಬಟ್ಟಲುಗಳು ಎಷ್ಟೋ ಚಿತ್ರಗಳಲ್ಲಿ ಕದಡಿದ ಬಣ್ಣವಾಗಿಯೇ ಉಳಿದವು. ನನಗಂತೂ ಆ ಕದಡಿಕೆಯೇ ಇಷ್ಟ.

ಬಣ್ಣ ಮಾಸದಿರುವುದಕ್ಕೂ ಕಾರಣವಿದೆ. ಬೇರೆ ಫಿಲ್ಮುಗಳಲ್ಲಿ ಬಣ್ಣ ಹುಟ್ಟಿಸುವ ರಸಾಯನ ಒಳಗೇ ಇರುತ್ತದೆ, ತೊಳೆದ ಮೇಲೂ ಒಂದಿಷ್ಟು ಉಳಿಯುತ್ತದೆ. ಕೋಡಾಕ್ರೋಮ್‌ಗೆ ಅದು ಸೇರುತ್ತಿದ್ದುದು ತೊಳೆಯುವಾಗ ಮಾತ್ರ. ಹಾಗಾಗಿ ಕತ್ತಲ ಡಬ್ಬಿಯಲ್ಲಿಟ್ಟ ಸ್ಲೈಡಿನ ಕೆಂಪು ಈಗಲೂ ಕೆಂಪೇ.

ಇನ್ನು ಜನ! ಮದುವೆಮನೆಗೆ ಹೊರಟವರ ಹಾಗೆ ಟೈ ಕಟ್ಟಿದ ಗಂಡಸರು, ಇಸ್ತ್ರಿ ಮಾಡಿದ ಫ್ರಾಕಿನ ಹುಡುಗಿಯರು. ಸೂರ್ಯನನ್ನು ಬೆನ್ನಿಗಿಟ್ಟುಕೊಂಡು ತೆಗೆಯಬೇಕೆಂಬ ನಿಯಮ ಪಾಲಿಸಿದ್ದರಿಂದ ಎಲ್ಲರ ಕಣ್ಣೂ ಕಿರಿದು. ಕ್ಯಾಮೆರಾ ಹಿಡಿದ ಅಪ್ಪ ಮಾತ್ರ ಎಲ್ಲೂ ಇಲ್ಲ. ಕೆಲವೊಮ್ಮೆ ಕೆಳಗಿನ ಅಂಚಿನಲ್ಲಿ ಅವನ ನೆರಳಷ್ಟೇ ಬಿದ್ದಿರುತ್ತದೆ.

1956ರಲ್ಲಿ ತಂತಿಯ ಮೇಲೆ ಸಾಗುವ ಸ್ಕೈವೇ ತೊಟ್ಟಿಲುಗಳು ಬಂದ ಮೇಲೆ ಮೇಲಿನಿಂದಲೂ ಚಿತ್ರ ತೆಗೆಯತೊಡಗಿದರು. ಆ ತಂತಿದಾರಿ 1994ರಲ್ಲಿ ನಿಂತಿತು. ಈಗ ಆ ಎತ್ತರದಿಂದ ಉದ್ಯಾನ ನೋಡಬೇಕೆಂದರೆ ಯಾರದೋ ಮನೆಯ ಈ ರಟ್ಟಿನ ಚೌಕಟ್ಟನ್ನೇ ಬೆಳಕಿಗೆ ಹಿಡಿಯಬೇಕು.