ಕೈಬಿಟ್ಟದ್ದರ ಲೆಕ್ಕ

ಶಿವಮೊಗ್ಗದ ಕಾಲೇಜುಗಳಲ್ಲಿ ಜಿನೀವಾದ ಸರ್ನ್ ಪ್ರಯೋಗಾಲಯದ ಬಗ್ಗೆ ಉಪನ್ಯಾಸವಿದ್ದರೆ ಒಂದು ಅಂಕಿ ತಪ್ಪದೆ ಬರುತ್ತದೆ: ಸೆಕೆಂಡಿಗೆ 4 ಕೋಟಿ ಬಾರಿ ಪ್ರೋಟಾನ್ ಕಂತೆಗಳು ಮುಖಾಮುಖಿಯಾಗುತ್ತವೆ. ಸಭೆ ಬೆರಗಾಗುತ್ತದೆ. ಎಷ್ಟು ಬೇಗ, ಎಷ್ಟು ಹೆಚ್ಚು ದತ್ತಾಂಶ ಬರೆದುಕೊಂಡರೆ ಪ್ರಯೋಗ ಅಷ್ಟು ದೊಡ್ಡದು ಎಂಬ ನಂಬಿಕೆ ಅಲ್ಲೇ ಗಟ್ಟಿಯಾಗುತ್ತದೆ. ನನಗದು ಒಪ್ಪಿಗೆಯಿಲ್ಲ.

ಆ 4 ಕೋಟಿಯಲ್ಲಿ ಅಲ್ಲಿನ ಸಿಎಂಎಸ್ ಪ್ರಯೋಗದ ಮೊದಲ ಹಂತದ ಟ್ರಿಗರ್, ಅಂದರೆ ಯಾವ ಘಟನೆಯನ್ನು ಇಟ್ಟುಕೊಳ್ಳಬೇಕೆಂದು ಆ ಕ್ಷಣವೇ ಆರಿಸುವ ವ್ಯವಸ್ಥೆ, ಒಳಗೆ ಬಿಡುವುದು ಸುಮಾರು 1 ಲಕ್ಷವನ್ನು. ಕಂಪ್ಯೂಟರುಗಳು ಅದನ್ನೂ ಸೋಸಿ ಡಿಸ್ಕಿಗೆ ಇಳಿಸುವುದು ಸಾವಿರದ ಲೆಕ್ಕದಲ್ಲಿ. ಈ ವ್ಯವಸ್ಥೆ ಹೊತ್ತಿಡೀ ಮಾಡುವ ಕೆಲಸ ಬಿಸಾಡುವುದು. ನಮ್ಮ ಮಂಡಿಯಲ್ಲಿ ರಾಶಿ, ಬೆಟ್ಟೆ ದರ್ಜೆಗೆ ಸಲ್ಲದ ಅಡಿಕೆ ಗೊರಬಲಾಗಿಯಾದರೂ ಮಾರಾಟವಾಗುತ್ತದೆ. ಟ್ರಿಗರ್ ಕೈಬಿಟ್ಟದ್ದು ಮತ್ತೆ ಸಿಗುವುದಿಲ್ಲ.

ವೇಗದ ಅಂಕಿ ಹೇಗೆ ದಾರಿ ತಪ್ಪಿಸುತ್ತದೆ ನೋಡಿ. ಒಂದು ಘಟನೆಯನ್ನು ಓದಿಕೊಳ್ಳಲು ಯಂತ್ರಕ್ಕೆ 1 ಮಿಲಿಸೆಕೆಂಡ್ ಬೇಕೆನ್ನಿ. ಸೆಕೆಂಡಿಗೆ 1000 ಓದುತ್ತೇನೆಂದು ಅದರ ಜಂಬ. ಸರಾಸರಿ 1000 ಘಟನೆಗಳೇ ಬಂದರೆ? ಕಣಗಳು ಸರತಿಯಲ್ಲಿ ಬರುವುದಿಲ್ಲ. ಒಂದನ್ನು ಓದುತ್ತಿರುವಾಗಲೇ ಇನ್ನೊಂದು ಬಂದು ಹೋಗಿರುತ್ತದೆ. ಲೆಕ್ಕ ಹಾಕಿದರೆ ದಕ್ಕುವುದು 500 ಮಾತ್ರ, ಉಳಿದರ್ಧ ಡೆಡ್ ಟೈಮಿನ, ಅಂದರೆ ಯಂತ್ರ ಓದುವುದರಲ್ಲಿ ಮುಳುಗಿರುವ ಹೊತ್ತಿನ, ಪಾಲು. ನಾಲ್ಕಾರು ಘಟನೆಗಳು ಕಾಯಲು ಬಫರ್ ಕೊಡಿ: ಯಂತ್ರ ಅದೇ, ವೇಗವೂ ಅದೇ, ನಷ್ಟ ಮಾತ್ರ ಬಹಳ ಇಳಿಯುತ್ತದೆ. ಭದ್ರಾವತಿಯಿಂದ ಶಂಕರಘಟ್ಟಕ್ಕೆ ಭೌತಶಾಸ್ತ್ರದ ಎಂ.ಎಸ್ಸಿ.ಗೆ ಹೋಗುವ ಹುಡುಗಿಗೆ ಇದು ಹೊಸದೇನಲ್ಲ. ಎರಡು ವಿಕಿರಣ ಮೂಲಗಳನ್ನು ಗೈಗರ್ ಕೌಂಟರಿನ ಮುಂದೆ ಬೇರೆಬೇರೆಯಾಗಿ ಇಟ್ಟು ಎಣಿಸಿ ಕೂಡಿದ್ದಕ್ಕಿಂತ, ಒಟ್ಟಿಗೇ ಇಟ್ಟಾಗ ಎಣಿಕೆ ಕಡಿಮೆ ಬರುತ್ತದೆ. ಡೆಡ್ ಟೈಮ್ ಲೆಕ್ಕ ಹಾಕುವುದು ಆ ಕೊರತೆಯಿಂದಲೇ.

ವೇಗವಿಲ್ಲದೆಯೂ ಪ್ರಯೋಗ ದೊಡ್ಡದಾಗಬಹುದು ಎನ್ನಲು ನಮ್ಮಲ್ಲೇ ಉದಾಹರಣೆಯಿದೆ. ಕೋಲಾರದ ಚಿನ್ನದ ಗಣಿಯಲ್ಲಿ 1965ರಲ್ಲಿ, ಸುಮಾರು 2.3 ಕಿ.ಮೀ. ಆಳದಲ್ಲಿ, ಟಿಐಎಫ್‌ಆರ್, ಒಸಾಕಾ ಮತ್ತು ಡರ್ಹಮ್ ವಿಜ್ಞಾನಿಗಳ ತಂಡ ವಾತಾವರಣದ ನ್ಯೂಟ್ರಿನೊಗಳ ಜಾಡು ಹಿಡಿಯಿತು. ನಂಜನಗೂಡಿನ ಬಿ.ವಿ. ಶ್ರೀಕಂಠನ್ ಅದರಲ್ಲಿದ್ದರು. ಉಪಕರಣದ ಎರಡೂ ಬದಿಯ ಸಿಂಟಿಲೇಟರುಗಳು ಒಟ್ಟಿಗೆ ಮಿನುಗಿದರೆ ನಿಯಾನ್ ಫ್ಲ್ಯಾಶ್ ಟ್ಯೂಬುಗಳಿಗೆ ಹೈ ವೋಲ್ಟೇಜ್, ಕ್ಯಾಮೆರಾದಲ್ಲೊಂದು ಫೋಟೊ. ದತ್ತಾಂಶ ಸಂಗ್ರಹ ಅಂದರೆ ಇಷ್ಟೇ. ಆಕಾಶದಿಂದ ಸುರಿಯುವ ಮ್ಯೂಆನ್‌ಗಳ ಕಾಟವನ್ನು ತಲೆಯ ಮೇಲಿನ ಬಂಡೆಯೇ ತಡೆಯುತ್ತಿತ್ತು. ತಿಂಗಳುಗಟ್ಟಲೆ ಕಾದು ಸಿಕ್ಕಿದ್ದು ಬೆರಳೆಣಿಕೆಯಷ್ಟು ಘಟನೆಗಳು. ಆದರೂ ಜಗತ್ತಿನಲ್ಲಿ ಮೊದಲು ವರದಿ ಪ್ರಕಟಿಸಿದವರು ಇವರೇ.

ಗಣಿಯಲ್ಲಿ ಘಟನೆಗಳೇ ಅಪರೂಪ, ಅದು ಜಿನೀವಾಕ್ಕೆ ಸಲ್ಲದು ಎನ್ನಬಹುದು. ನಿಜ. ಅಲ್ಲಿನ ಎಲ್‌ಎಚ್‌ಸಿಬಿ ಪ್ರಯೋಗವಂತೂ 2022ಕ್ಕೆ ಶುರುವಾದ ಸುತ್ತಿನಿಂದ ಹಾರ್ಡ್‌ವೇರ್ ಟ್ರಿಗರನ್ನೇ ಕಿತ್ತುಹಾಕಿ ಎಲ್ಲವನ್ನೂ ಓದುತ್ತದೆ. ಕಾರಣ ಮಾತ್ರ ಗಮನಿಸಿ: ಅವಸರದ ಆಯ್ಕೆ ಬೇಕಾದದ್ದನ್ನೂ ಕಳೆಯುತ್ತಿತ್ತು. ಪೂರ್ತಿ ನೋಡಿ ಆಮೇಲೆ ಬಿಸಾಡಲೆಂದೇ ಅವರಿಗೆ ಅಷ್ಟು ವೇಗ ಬೇಕಾಯಿತು.

ಸಿಎಂಎಸ್, ಅಲ್ಲಿನದೇ ಇನ್ನೊಂದು ಪ್ರಯೋಗವಾದ ಅಟ್ಲಾಸ್ ಎರಡೂ ಟ್ರಿಗರಿನ ಆಯ್ಕೆಗೆ ಒಳಪಡದ ಘಟನೆಗಳನ್ನು ಅಲ್ಲೊಂದು ಇಲ್ಲೊಂದು ಹೆಕ್ಕಿ ಇಟ್ಟುಕೊಳ್ಳುತ್ತವೆ. ಮೇಲ್ನೋಟಕ್ಕೆ ದಂಡ, ಆದರೆ ಟ್ರಿಗರ್ ಎಲ್ಲಿ ಎಡವುತ್ತಿದೆಯೆಂದು ತಿಳಿಯಲು ಅವು ಬೇಕೇ ಬೇಕು. ಯಾವ ಪ್ರಯೋಗದ ವರದಿ ಕೈಗೆ ಬಂದರೂ ನಾನು ಮೊದಲು ಹುಡುಕುವುದು ಟ್ರಿಗರ್ ದಕ್ಷತೆ ಮತ್ತು ಡೆಡ್ ಟೈಮಿನ ಶೇಕಡಾವಾರು. ಗಿಗಾಬೈಟುಗಳನ್ನು ಆಮೇಲೆ ನೋಡಿದರಾಯಿತು.