ಕೆರೆ ಊರಿಂದು, ತೂಬು ಯಾರದು?

ಕ್ರೋಮ್ ಒಳಗೆ ಪುಟ ಮೂಡಿಸೋ ಬ್ಲಿಂಕ್ ಎಂಜಿನ್ ಓಪನ್ ಸೋರ್ಸ್ ಅನ್ನೋದೇನೂ ಸುಳ್ಳಲ್ಲ. ಕೆಡಿಇ ಬಳಗದ ಕೆಎಚ್‌ಟಿಎಂಎಲ್‌ನಿಂದ ಆಪಲ್ ವೆಬ್‌ಕಿಟ್ ಕಟ್ಟಿತು. ಅದರಿಂದ 2013ರಲ್ಲಿ ಗೂಗಲ್ ಬ್ಲಿಂಕ್ ಕವಲೊಡೆಸಿತು. ಅದೇ ವರ್ಷ ಒಪೇರಾ ತನ್ನ ಪ್ರೆಸ್ಟೋ ಕೈಬಿಟ್ಟು ಆ ಕಡೆ ವಾಲಿತು, 2020ರಲ್ಲಿ ಎಡ್ಜ್ ಕೂಡ. ಲೈಸೆನ್ಸ್ ಪ್ರಕಾರ ನಾವೂ ಕವಲೊಡೆಸಬಹುದು. ಆಮೇಲೆ ಅದನ್ನ ಸಾಕೋರು ಯಾರು?

ನಮ್ಮೂರ ಕೆರೆ ಎಲ್ಲರದೂ, ತೂಬು ಎತ್ತೋನು ಮಾತ್ರ ನೀರಗಂಟಿ. ಅವನು ಊರಿಗೆ ಉತ್ತರ ಹೇಳ್ಬೇಕು. ಗೂಗಲ್ ಅನ್ನೋ ಈ ನೀರಗಂಟಿಗೋ, ಜಾಹೀರಾತಿನ ಸ್ವಂತ ಗದ್ದೆ ಬೇರೆ ಇದೆ! ಕ್ರೋಮ್‌ಗೆ ಮ್ಯಾನಿಫೆಸ್ಟ್ ವಿ3 ಬಂದ್ಮೇಲೆ ಜಾಹೀರಾತು ತಡೆಯೋ ಎಕ್ಸ್‌ಟೆನ್ಷನ್‌ಗಳ ಬಲ ಕುಗ್ಗಿದ್ದನ್ನ ನೋಡಿದ್ದೀರಲ್ಲ.

ಮೊಜಿಲ್ಲಾದ ಗೆಕೊ ಇನ್ನೂ ಬೇರೆಯಾಗೇ ಉಳಿದಿದೆ. ಆದ್ರೆ ಸ್ಟ್ಯಾಂಡಪ್‌ನಲ್ಲಿ ‘ಕ್ರೋಮಲ್ಲಿ ಸರಿ ಬರ್ತಿದೆ’ ಅಂದ್ರೆ ಸಾಕು, ಟಿಕೆಟ್ ಕ್ಲೋಸ್. ‘ಫೈರ್‌ಫಾಕ್ಸ್‌ನಲ್ಲಿ?’ ಅಂತ ನಾನು ಕೇಳಿದ್ರೆ ನಗ್ತಾರೆ.