ಒಂದೇ ಮುಖದ ಇಬ್ಬರು

ಎ.ಕೆ. ರಾಮಾನುಜನ್ ಅವರಿಂದ ಕೇಳಿದ ಜನಪದ ಕಥೆಗಳನ್ನು ಗಿರೀಶ ಕಾರ್ನಾಡರು ‘ನಾಗಮಂಡಲ’ ನಾಟಕವಾಗಿಸಿದರು. ಟಿ.ಎಸ್. ನಾಗಾಭರಣ ಅದನ್ನು 1997ರಲ್ಲಿ ತೆರೆಗೆ ತಂದರು. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಪ್ರೇಕ್ಷಕರಿಗೆ ಅದು ತಮ್ಮ ಸೀಮೆಯ ಮಾತಿನಲ್ಲೇ ಬಂದ ಸಿನಿಮಾ.

ನಾಟಕ ಓದುವಾಗ ಒಂದು ಪ್ರಶ್ನೆ ಕಾಡುತ್ತದೆ: ಗಂಡ ಅಪ್ಪಣ್ಣನಿಗೂ, ಅವನ ರೂಪ ತೊಟ್ಟು ರಾತ್ರಿ ಬರುವ ನಾಗನಿಗೂ ಇರುವ ವ್ಯತ್ಯಾಸ ರಾಣಿಗೆ ತಿಳಿಯದೆ ಹೋದೀತೆ? ಸಿನಿಮಾದಲ್ಲಿ ಪ್ರಕಾಶ್ ರೈ ಎರಡೂ ಪಾತ್ರ ಮಾಡಿದ್ದಾರೆ. ರಂಗದ ಮೇಲೂ ಒಬ್ಬನೇ ನಟ ಹೀಗೆ ಮಾಡಬಲ್ಲ. ಆದರೆ ಹಿಂದಿನ ಸಾಲಿನವರಿಗೆ ದಕ್ಕುವುದು ದನಿ, ನಡಿಗೆ ಮಾತ್ರ. ಕ್ಯಾಮೆರಾ ಹತ್ತಿರ ಹೋಗುತ್ತದೆ. ಮಧ್ಯಾಹ್ನ ಉಂಡು ಬೀಗ ಜಡಿದು ಹೋಗುವವನ ಒರಟುತನ, ರಾತ್ರಿಯವನ ಅಕ್ಕರೆ ಒಂದೇ ಮುಖದಲ್ಲಿ ಕಂಡಾಗ ರಾಣಿಯ ಗೊಂದಲ ದಡ್ಡತನವಲ್ಲ, ಪ್ರೀತಿಗಾಗಿ ಕಾದವಳ ನಂಬಿಕೆ ಎನ್ನುವುದು ಮನದಟ್ಟಾಗುತ್ತದೆ.

ರಾಣಿಯಾಗಿ ವಿಜಯಲಕ್ಷ್ಮಿ ಆ ನಂಬಿಕೆಯನ್ನು ಎಷ್ಟು ಚೆಂದ ಹಿಡಿದಿದ್ದಾರೆ!

ಸಿ. ಅಶ್ವಥ್ ಸಂಗೀತದಲ್ಲಿ ರಾಣಿ ಕಂಬದ ಗೊಂಬೆಯನ್ನು ಮಾತಾಡಿಸುವ ಹಾಡೊಂದಿದೆ. ಬೀಗ ಹಾಕಿದ ಮನೆಯಲ್ಲಿ ಅವಳಿಗೆ ಬೇರೆ ಯಾರಿದ್ದಾರೆ? ಆ ಒಂಟಿತನವನ್ನು ಕಂಡವರಿಗೆ, ತನ್ನ ಶೀಲ ಸಾಬೀತುಪಡಿಸಲು ಹುತ್ತಕ್ಕೆ ಕೈಯಿಟ್ಟು ಪ್ರಮಾಣ ಮಾಡಿ ಊರವರ ಕಣ್ಣಲ್ಲಿ ದೇವತೆಯಾಗುವ ರಾಣಿಯಲ್ಲಿ ದೇವತೆಗಿಂತ ಮೊದಲು ನೊಂದ ಹುಡುಗಿಯೇ ಕಾಣುತ್ತಾಳೆ.